ಕೊನೆಯವರೆಗೆ ನೋಡದ ನಗು: ಮಲೆನಾಡಿನ ಒಂದು ಮನೆ, ಒಂದು ತರಗತಿ ಮತ್ತು ವಯಸ್ಕರ ಕಾರ್ಟೂನ್

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಗೆ ನಾನು ವಾರಕ್ಕೊಮ್ಮೆ ಆಪ್ತಸಮಾಲೋಚಕಿಯಾಗಿ ಹೋಗುತ್ತಿದ್ದಾಗ ನಡೆದ ಪ್ರಕರಣವಿದು. ಊರು, ಶಾಲೆ, ವರ್ಷ ಮೂರನ್ನೂ ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಮನೆಯ ವಿವರಗಳನ್ನು ಬದಲಿಸಿದ್ದೇನೆ. ‘ಸೌತ್ ಪಾರ್ಕ್’ ಎಂಬ ವಯಸ್ಕರ ಕಾರ್ಟೂನ್ ಸರಣಿಯನ್ನು ನೋಡುತ್ತಿದ್ದ ಒಂಬತ್ತನೇ ತರಗತಿಯ ವಿದ್ಯಾರ್ಥಿಯನ್ನು ‘ಹುಡುಗ’ ಎಂದೂ ಅದರಿಂದ ನೋವುಂಡವನನ್ನು ‘ಸಹಪಾಠಿ’ ಎಂದೂ ಕರೆಯುತ್ತೇನೆ. ಎರಡೂ ಮನೆಯವರು ಇದನ್ನು ಓದಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಇಂಥ ಕಾರ್ಟೂನನ್ನು ಹದಿಹರೆಯದವರು ನೋಡಬಹುದೇ ಎಂದು ಪೋಷಕರು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಮನೆಯೇ. ನಾವೆಲ್ಲರೂ ಇಲ್ಲಿ ಮೊದಲು ಹುಡುಕಿದ್ದು ಒಂದು ತಪ್ಪನ್ನು, ಹುಡುಗ ಮಾಡಿದ್ದು ಇನ್ನೊಂದನ್ನು.

ಹಿನ್ನೆಲೆ

ಹುಡುಗನ ಮನೆ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲ್ಗಡೆ ಇದೆ. ಅಜ್ಜ, ತಂದೆ, ತಾಯಿ, ಹುಡುಗ, ಅವನ ತಂಗಿ, ಇಷ್ಟು ಜನ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ಮಲೆನಾಡಿನ ಎಷ್ಟೋ ಮಕ್ಕಳಂತೆ ಇವನೂ ಕೊಡೆ ಹಿಡಿದು ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹತ್ತುತ್ತಿದ್ದ. ಆಗ ತಂದೆ ಕೊಡಿಸಿದ ಫೋನು ಶಾಲೆ ತೆರೆದ ಮೇಲೂ ಅವನ ಕೈಯಲ್ಲೇ ಉಳಿಯಿತು. ಅದರಲ್ಲಿದ್ದದ್ದು ತಂದೆಯ ಜಿಮೇಲ್ ಖಾತೆ. ಹಾಗಾಗಿ ಯೂಟ್ಯೂಬಿನ ಲೆಕ್ಕದಲ್ಲಿ ಆ ಫೋನು ಹಿಡಿದವನ ವಯಸ್ಸು ನಲವತ್ತಾರು. ಈ ಸಣ್ಣ ಸಂಗತಿ ಮನೆಯವರಿಗಾಗಲಿ ನನಗಾಗಲಿ ಹೊಳೆದದ್ದು ಬಹಳ ತಡವಾಗಿ. ಮುಂದೆ ಮನೆಗೆ ಫೈಬರ್ ಸಂಪರ್ಕ ಬಂದು, ಗುಡ್ಡ ಹತ್ತುವ ಕಷ್ಟವೂ ಅದರ ಜೊತೆಗಿದ್ದ ನಾಲ್ಕು ಜನರ ಕಣ್ಣೂ ಒಟ್ಟಿಗೇ ತಪ್ಪಿದವು; ಮೆತ್ತಿನ ಮೇಲೆ ಕಂಬಳಿ ಹೊದ್ದು ಎಷ್ಟು ಹೊತ್ತಾದರೂ ನೋಡಬಹುದಾಯಿತು.

ಒಂಬತ್ತನೇ ತರಗತಿಯ ಜುಲೈಯಲ್ಲಿ ಮಳೆ ರಜೆಯ ಮೇಲೆ ಮಳೆ ರಜೆ ಬಂತು. ತಂದೆಗೆ ಅಡಿಕೆಯ ಕೊಳೆರೋಗದ ಚಿಂತೆ. ಮಳೆ ಸ್ವಲ್ಪ ಹೊಳವಾದರೆ ಸಾಕು, ಮರ ಹತ್ತಿ ಬೋರ್ಡೋ ಔಷಧಿ ಹೊಡೆಯುವ ಕೊನೆಗೌಡನನ್ನು ಹುಡುಕಿಕೊಂಡು ಓಡಬೇಕಿತ್ತು. ಮನೆಯೊಳಗೆ ಮಗ ಏನು ನೋಡುತ್ತಿದ್ದಾನೆಂದು ಕೇಳುವವರಿರಲಿಲ್ಲ. ಕೇಳಿದ್ದರೂ ‘ಕಾರ್ಟೂನ್’ ಎಂಬ ಉತ್ತರ ಬರುತ್ತಿತ್ತು, ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು.

ಅವನು ನೋಡುತ್ತಿದ್ದದ್ದು ‘ಸೌತ್ ಪಾರ್ಕ್’. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ರೂಪಿಸಿದ ಈ ಸರಣಿ 1997ರ ಆಗಸ್ಟ್ 13ರಂದು ಅಮೆರಿಕದ ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ ಆರಂಭವಾಯಿತು. ಕೊಲರಾಡೊ ರಾಜ್ಯದ ಒಂದು ಕಲ್ಪಿತ ಬೆಟ್ಟದೂರಿನ ನಾಲ್ವರು ಪ್ರಾಥಮಿಕ ಶಾಲೆಯ ಹುಡುಗರು ಇದರ ಮುಖ್ಯ ಪಾತ್ರಗಳು. ಮೊದಲ ಕಂತನ್ನು ಬಣ್ಣದ ಕಾಗದ ಕತ್ತರಿಸಿ, ಗೊಂಬೆಗಳನ್ನು ಒಂದೊಂದೇ ಚೂರು ಸರಿಸುತ್ತ ಚಿತ್ರೀಕರಿಸಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಮಾಡತೊಡಗಿದರೂ ಆ ಕಾಗದದ ಗೊಂಬೆಯ ನೋಟವನ್ನು ಉಳಿಸಿಕೊಂಡರು. ದೂರದಿಂದ ಕಂಡವರಿಗೆ ಇದು ಅಂಗನವಾಡಿಯ ಗೋಡೆಚಿತ್ರದಂತೆಯೇ ಕಾಣುತ್ತದೆ. ಕಿವಿಗೊಟ್ಟರೆ ಮಾತ್ರ ಎಗ್ಗಿಲ್ಲದ ಬೈಗುಳ, ಲೈಂಗಿಕ ಹಾಸ್ಯ, ರಕ್ತಪಾತ, ಯಾವ ಧರ್ಮವನ್ನೂ ಯಾವ ನಾಯಕನನ್ನೂ ಬಿಡದ ಗೇಲಿ ಕೇಳುತ್ತದೆ. ಅಮೆರಿಕದಲ್ಲಿ ಇದಕ್ಕಿರುವ ದರ್ಜೆ ಟಿವಿ-ಎಂಎ, ಅಂದರೆ ವಯಸ್ಕರಿಗಾಗಿ ಮಾಡಿದ್ದು, ಹದಿನೇಳು ವರ್ಷದೊಳಗಿನವರಿಗೆ ಸೂಕ್ತವಾಗಲಿಕ್ಕಿಲ್ಲ ಎಂದು.

ನಮ್ಮಲ್ಲಿಯೂ 2021ರ ಫೆಬ್ರವರಿ 25ರಂದು ಹೊರಟ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿ ವೇದಿಕೆಗಳ ಕಾರ್ಯಕ್ರಮಗಳನ್ನು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಐದು ದರ್ಜೆಗಳಲ್ಲಿ ವಿಂಗಡಿಸಬೇಕೆನ್ನುತ್ತವೆ; ಯು/ಎ 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೋಷಕರ ಬೀಗ ಇರಬೇಕು, ‘ಎ’ ದರ್ಜೆಗೆ ವಯಸ್ಸು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಇರಬೇಕು. ಆದರೆ ಹುಡುಗ ಯಾವ ಒಟಿಟಿಯಲ್ಲಿಯೂ ಈ ಸರಣಿಯನ್ನು ನೋಡಿರಲಿಲ್ಲ. ಇಪ್ಪತ್ತೆರಡು ನಿಮಿಷದ ಕಂತಿನಿಂದ ಯಾರೋ ಕತ್ತರಿಸಿ ಏರಿಸಿದ ನಲವತ್ತು, ಐವತ್ತು ಸೆಕೆಂಡಿನ ತುಣುಕುಗಳನ್ನು ಶಾರ್ಟ್ಸ್ ಮತ್ತು ರೀಲ್ಸ್‌ಗಳಲ್ಲಿ ನೂರಾರು ನೋಡಿದ್ದ. ತುಣುಕಿನ ಹಣೆಯ ಮೇಲೆ ದರ್ಜೆ ಇರುವುದಿಲ್ಲ.

ಬೆಳಕಿಗೆ ಬಂದದ್ದು

ಸಹಪಾಠಿಗೆ ಚಿಕ್ಕಂದಿನಿಂದಲೂ ಉಗ್ಗು ಇತ್ತು. ಪ್ರಾರ್ಥನೆಯಲ್ಲಿ, ಎಲ್ಲರೂ ಒಟ್ಟಿಗೆ ಪದ್ಯ ಹೇಳುವಾಗ ಅದು ಬರುತ್ತಿರಲಿಲ್ಲ. ಒಬ್ಬನೇ ನಿಂತು ಓದಬೇಕಾದಾಗ, ಅದರಲ್ಲೂ ಹೆಸರು ಹೇಳಬೇಕಾದಾಗ ಬರುತ್ತಿತ್ತು. ಉಗ್ಗುವವರಲ್ಲಿ ಬಹಳಷ್ಟು ಮಂದಿಯ ಅನುಭವ ಹೀಗೆಯೇ ಇರುತ್ತದೆ. ‘ಸೌತ್ ಪಾರ್ಕ್’ನಲ್ಲಿ ಜಿಮ್ಮಿ ಎಂಬ ಹುಡುಗನಿದ್ದಾನೆ. ಊರುಗೋಲಿನ ಮೇಲೆ ನಡೆಯುತ್ತಾನೆ, ಉಗ್ಗುತ್ತಾನೆ, ವೇದಿಕೆಯಲ್ಲಿ ನಿಂತು ಜನರನ್ನು ನಗಿಸುವ ಹಾಸ್ಯಗಾರನಾಗಬೇಕೆಂದು ಆಸೆಪಡುತ್ತಾನೆ. ಜುಲೈ ಮುಗಿಯುವಷ್ಟರಲ್ಲಿ ಸಹಪಾಠಿಗೆ ತರಗತಿಯಲ್ಲಿ ‘ಜಿಮ್ಮಿ’ ಎಂಬ ಹೆಸರು ಬಿದ್ದಿತ್ತು. ಆಗಸ್ಟ್ ಎರಡನೇ ವಾರ ಶಾಲಾ ವಾರ್ಷಿಕೋತ್ಸವದ ಹಳೆಯ ಫೋಟೋದಿಂದ ಅವನ ಮುಖವನ್ನು ಕತ್ತರಿಸಿ ಜಿಮ್ಮಿಯ ದೇಹಕ್ಕೆ ಅಂಟಿಸಿದ ವಾಟ್ಸಾಪ್ ಸ್ಟಿಕರ್ ಒಂದು ಹುಡುಗರ ಗುಂಪಿನಲ್ಲಿ ಓಡಾಡಿತು. ಮಾಡಿದವನು ನಮ್ಮ ಹುಡುಗ.

ಸ್ಟಿಕರ್ ಕಂಡದ್ದು ಸಹಪಾಠಿಯ ಅಕ್ಕನಿಗೆ. ಅವಳ ಮೂಲಕ ಅವರ ಮನೆಗೆ, ಮನೆಯಿಂದ ಮುಖ್ಯೋಪಾಧ್ಯಾಯರಿಗೆ ಸುದ್ದಿ ಹೋಯಿತು. ಹುಡುಗನನ್ನು ಕರೆಸಿ ಫೋನು ನೋಡಿದಾಗ ತುಣುಕುಗಳ ಸಾಲು ಕಂಡಿತು. ಅಲ್ಲಿಂದ ಮುಂದೆ ಎಲ್ಲರ ಗಮನ ಸ್ಟಿಕರಿನಿಂದ ಸರಣಿಯ ಕಡೆಗೆ ಜಾರಿತು. ಇದು ಈ ಪ್ರಕರಣದ ಮೊದಲ ತಿರುವು, ಕೆಟ್ಟ ತಿರುವು ಎಂದೇ ನನ್ನ ಈಗಿನ ಅಭಿಪ್ರಾಯ. ಹೊಲಸು ಮಾತು ಎಷ್ಟಿದೆ, ಅಶ್ಲೀಲ ದೃಶ್ಯ ಎಷ್ಟಿದೆ ಎಂದು ಶಿಕ್ಷಕರ ಕೊಠಡಿಯಲ್ಲಿ ಚರ್ಚೆಯಾಯಿತು. ಮುಖ ಕತ್ತರಿಸಿ ಅಂಟಿಸಿದ ಕೈಯ ವಿಷಯ ಹಿಂದೆ ಬಿತ್ತು. ನಾನೂ ಆ ಚರ್ಚೆಯಲ್ಲಿ ಕುಳಿತವಳೇ.

ಮೊದಲ ಕ್ರಮಗಳು

ಶಾಲೆ ಹುಡುಗನನ್ನು ಮೂರು ದಿನ ಮನೆಯಲ್ಲಿರಿಸಿತು. ತಂದೆ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು, ಟಿವಿಯ ಆ್ಯಪುಗಳಿಗೂ ಪಿನ್ ಹಾಕಿದರು. ಆ ಟಿವಿಯಲ್ಲಿ ಅವನು ಈ ಸರಣಿಯನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಮೂರನೆಯ ದಿನ ನಾನು ಅವರ ಮನೆಗೆ ಹೋದೆ. ಜಗಲಿಯಲ್ಲಿ ಎಲ್ಲರೂ ಕುಳಿತಿದ್ದಾಗ, ಅದುವರೆಗೆ ತಲೆ ತಗ್ಗಿಸಿದ್ದ ಹುಡುಗ ಒಂದು ಮಾತು ಕೇಳಿದ: “ಹೋದ ಬೇಸಿಗೆಲಿ ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ಉಗ್ಗಿ ಉಗ್ಗಿ ಮಾತಾಡಿದಾಗ ಅಪ್ಪಯ್ಯ ನಕ್ಕಿದ್ದಲ್ವಾ? ನನ್ನನ್ನೂ ಪಕ್ಕದಲ್ಲೇ ಕೂರಿಸ್ಕೊಂಡಿದ್ರು.” ತಂದೆ ಉತ್ತರಿಸಲಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳಿ ರೂಢಿಯಿದ್ದ ಅಜ್ಜ ಮಾತ್ರ, ಹಾಸ್ಯಗಾರ ನಗಿಸುವುದು ಸಿಂಹಾಸನದ ಮೇಲೆ ಕೂತವನನ್ನು ಕಂಡೇ ಹೊರತು ಎದುರು ಚಾಪೆಯ ಮೇಲೆ ಕೂತವನನ್ನು ಕಂಡಲ್ಲ ಎಂದರು. ಕೇಳಲು ಚೆನ್ನಾಗಿತ್ತು, ಆದರೆ ಪೂರ್ತಿ ನಿಜವಲ್ಲ. ಕುಂಟು, ಉಗ್ಗು, ಕಿವುಡುಗಳನ್ನು ಇಟ್ಟುಕೊಂಡು ಸುಲಭದ ನಗೆ ತರಿಸುವ ಹಾಸ್ಯವನ್ನು ಯಕ್ಷಗಾನದ ರಂಗದಲ್ಲಿ ನಾನೂ ಕಂಡಿದ್ದೇನೆ, ನಮ್ಮ ಸಿನಿಮಾಗಳಲ್ಲಿ ಅದಕ್ಕೆ ಲೆಕ್ಕವೇ ಇಲ್ಲ. ಹುಡುಗನ ವಾದದಲ್ಲಿ ಹುರುಳಿತ್ತು. ಅದನ್ನು ಅಲ್ಲಿಯೇ ಒಪ್ಪಿಕೊಂಡಿದ್ದರೆ ಒಳ್ಳೆಯದಿತ್ತು. ಹಿರಿಯರ ಎದುರು ಅವನನ್ನು ಗೆಲ್ಲಿಸಬಾರದೆಂಬ ಅಳುಕಿನಿಂದ ನಾನು ಸುಮ್ಮನಾದೆ. ಅಂದಿನಿಂದ ಎರಡು ತಿಂಗಳು ಅವನು ನನ್ನ ಹತ್ತಿರ ‘ಹೂಂ’, ‘ಉಹೂಂ’ ಬಿಟ್ಟರೆ ಬೇರೆ ಮಾತಾಡಲಿಲ್ಲ.

ಎರಡನೆಯ ಪ್ರಯತ್ನ ನನ್ನ ಸಲಹೆಯಂತೆ ನಡೆಯಿತು. ಮಕ್ಕಳು ನೋಡುವುದನ್ನು ದೊಡ್ಡವರೂ ಜೊತೆಗೆ ಕುಳಿತು ನೋಡಬೇಕು, ಆಮೇಲೆ ಮಾತಾಡಬೇಕು ಎಂಬುದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಕೊಡುವ ಸಲಹೆ. ತಾಯಿ ಒಪ್ಪಿದರು. ಆಗಸ್ಟ್ ಕೊನೆಯ ಒಂದು ಸಂಜೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನೇ ಆರಿಸಿದ ಐದಾರು ತುಣುಕುಗಳನ್ನು ನೋಡಿದರು. ಇಂಗ್ಲಿಷ್ ಉಚ್ಚಾರಣೆ ಅವರಿಗೆ ಸರಿಯಾಗಿ ತಿಳಿಯಲಿಲ್ಲ, ತಿಳಿದಷ್ಟು ಬೈಗುಳವೇ ಆಗಿತ್ತು. ನಾಲ್ಕನೆಯ ತುಣುಕಿಗೆ ಇಬ್ಬರೂ ನೆಲ ನೋಡುತ್ತ ಕುಳಿತಿದ್ದರಂತೆ. “ಅವ್ನಿಗೂ ನಾಚಿಕೆ, ನಂಗೂ ನಾಚಿಕೆ. ಮಾತಾಡೋದು ಏನು ಬಂತು ಮೇಡಂ” ಎಂದು ಮರುದಿನ ಫೋನಿನಲ್ಲಿ ಹೇಳಿದರು.

ತಪ್ಪು ತಾಯಿಯದಲ್ಲ. ನಮ್ಮ ಮನೆಗಳಲ್ಲಿ ಯಾರ ಎದುರು ಯಾವ ನಗೆ ನಗಬಹುದು ಎಂಬುದಕ್ಕೆ ಬರೆಯದ ಕಟ್ಟಳೆ ಇದೆ. ತಂದೆತಾಯಿಯರ ಎದುರು ಪೋಲಿ ಮಾತಿಗೆ ನಗಲಾಗುವುದಿಲ್ಲ. ಭಾವನ ಎದುರು ನಗಬಹುದು, ನಗದಿದ್ದರೆ ಅವನೇ ಬಿಡುವುದಿಲ್ಲ. ಜೊತೆಗೆ ಕುಳಿತು ನೋಡಿ ಎಂದು ಸಲಹೆ ಕೊಡುವಾಗ ಕುಳಿತುಕೊಳ್ಳಬೇಕಾದವರು ಯಾರು ಎಂಬುದನ್ನು ನಾನು ಯೋಚಿಸಿರಲಿಲ್ಲ.

ದಸರಾ ರಜೆ

ಅಕ್ಟೋಬರಿನ ದಸರಾ ರಜೆಗೆ ಹುಡುಗನನ್ನು ಅವನ ಅತ್ತೆಯ ಮನೆಗೆ ಕಳಿಸಿದರು. ಅತ್ತೆಯ ಮಗ, ಎಂದರೆ ಹುಡುಗನಿಗೆ ಭಾವ, ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಊರಿನಲ್ಲಿ ಕುಳಿತೇ ಮಾಡುವ ಇಪ್ಪತ್ತೇಳರ ಯುವಕ. ಬೀಗ ಹಾಕಿದ ಫೋನಿನಿಂದ ಆದ ಲಾಭ ಏನೆಂದರೆ, ಮೂರನೆಯ ದಿನಕ್ಕೇ ಹುಡುಗ ಭಾವನ ಲ್ಯಾಪ್‌ಟಾಪಿನಲ್ಲಿ ಅದೇ ತುಣುಕುಗಳನ್ನು ಹುಡುಕಿದ್ದ. ಭಾವ ಗದರಲಿಲ್ಲ. ಕಾಲೇಜಿನ ದಿನಗಳಲ್ಲಿ ತಾನೂ ಆ ಸರಣಿಯನ್ನು ಪೂರ್ತಿ ನೋಡಿದವನು ಎಂದು ಹೇಳಿ, “ನೀನು ಕಂತು ನೋಡಿದ್ದೀಯಾ, ಬರೀ ಚೂರು ನೋಡಿದ್ದೀಯಾ?” ಎಂದು ಕೇಳಿದನಂತೆ. ಅದುವರೆಗೆ ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಹುಡುಗ ಒಂದೇ ಒಂದು ಕಂತನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ.

ಭಾವ ಹುಡುಗನ ತಾಯಿಗೆ ವಿಷಯ ತಿಳಿಸಿ, ಒಂದು ಕಂತನ್ನು ತಾನು ಜೊತೆಗೆ ಕುಳಿತು ಪೂರ್ತಿ ತೋರಿಸಬಹುದೇ ಎಂದು ಕೇಳಿದ. ತಾಯಿ ನನ್ನನ್ನು ಕೇಳಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಕಷ್ಟವಾದ ನಿರ್ಧಾರ ಇದು. ಹದಿನೇಳರ ಮೇಲಿನವರಿಗೆಂದು ಗುರುತು ಮಾಡಿದ್ದನ್ನು ಹದಿನಾಲ್ಕು ವರ್ಷದವನಿಗೆ ತೋರಿಸಲು ಒಬ್ಬ ಸಮಾಲೋಚಕಿ ಒಪ್ಪಿಗೆ ಕೊಡುವುದು ಸರಿಯೇ? ಎರಡು ದಿನ ತಡೆದೆ. ಭಾವ ಹೇಳಿದ ಕಂತನ್ನು ನಾನೇ ಮೊದಲು ನೋಡಿದೆ. ಬೈಗುಳವಿತ್ತು, ಕ್ರೌರ್ಯದ ಹಾಸ್ಯವಿತ್ತು, ಆದರೆ ಹುಡುಗ ಈಗಾಗಲೇ ತುಣುಕುಗಳಲ್ಲಿ ನೋಡಿದ್ದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ತಂದೆತಾಯಿಯರಿಬ್ಬರೂ ಒಪ್ಪಿದರೆ, ಒಂದೇ ಕಂತು, ನಡುವೆ ಎದ್ದುಹೋಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿದೆ. ಇದನ್ನು ಮಾದರಿ ಎಂದು ಯಾರಿಗೂ ಹೇಳಲಾರೆ. ಏನೂ ನೋಡದ ಮಗುವಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಅದು 2005ರ ನವೆಂಬರಿನಲ್ಲಿ ಪ್ರಸಾರವಾದ, ಕೆಂಗೂದಲಿನ ಮಕ್ಕಳ ಬಗೆಗಿನ ಕಂತು. ನಾಲ್ವರಲ್ಲಿ ಒಬ್ಬನಾದ ಕಾರ್ಟ್‌ಮನ್ ಕೆಂಪು ಕೂದಲು, ಬಿಳಿಚಿದ ಚರ್ಮ, ಮುಖದ ತುಂಬ ಚುಕ್ಕೆಗಳಿರುವ ಮಕ್ಕಳು ಅಸಹ್ಯವೆಂದು ತರಗತಿಯಲ್ಲಿ ಭಾಷಣ ಮಾಡುತ್ತಾನೆ. ಸ್ನೇಹಿತರು ಬುದ್ಧಿ ಕಲಿಸಲೆಂದು ರಾತ್ರಿ ಅವನು ಮಲಗಿರುವಾಗ ಅವನಿಗೇ ಕೆಂಪು ಕೂದಲು, ಬಿಳಿ ಚರ್ಮದ ವೇಷ ಹಾಕುತ್ತಾರೆ. ತಾನೂ ಆ ಗುಂಪಿಗೆ ಸೇರಿದೆನೆಂದು ನಂಬಿದ ಅವನು ಕೆಂಗೂದಲಿನವರೇ ಶ್ರೇಷ್ಠರೆಂದು ಚಳವಳಿ ಕಟ್ಟಿ ಉಳಿದವರನ್ನು ಕೊಲ್ಲಿಸಲು ಹೊರಡುತ್ತಾನೆ. ಕೊನೆಗೆ ವೇಷದ ಗುಟ್ಟು ತಿಳಿದ ಕ್ಷಣದಲ್ಲಿ, ಪ್ರಾಣ ಉಳಿಸಿಕೊಳ್ಳಲು, ಎಲ್ಲರೂ ಒಂದೇ ಎಂದು ಶಾಂತಿಯ ಹಾಡು ಶುರುಮಾಡುತ್ತಾನೆ. ಹುಡುಗ ಹತ್ತಾರು ಸಲ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ತುಣುಕು ಮೊದಲನೆಯ ಭಾಷಣದ್ದು ಮಾತ್ರ. ಆ ಭಾಷಣದ ಠೀವಿಯನ್ನೇ ಅವನು ತರಗತಿಯಲ್ಲಿ ಕನ್ನಡದಲ್ಲಿ ಅನುಕರಿಸುತ್ತಿದ್ದ ಎಂದು ಮುಂದೆ ಬೇರೆ ಹುಡುಗರಿಂದ ತಿಳಿಯಿತು. ಭಾಷಣ ಮಾಡಿದವನೇ ಕಥೆಯ ಗೇಲಿಗೆ ಗುರಿ ಎಂಬುದು ಉಳಿದ ಇಪ್ಪತ್ತು ನಿಮಿಷಗಳಲ್ಲಿತ್ತು.

ಕಂತು ಮುಗಿದ ಮೇಲೆ ಭಾವ ನೀತಿ ಹೇಳಲಿಲ್ಲ, ನಡೆದದ್ದೊಂದನ್ನು ಹೇಳಿದ. 2008ರ ನವೆಂಬರಿನಲ್ಲಿ, ಈ ಕಂತಿನಿಂದ ಎತ್ತಿಕೊಂಡ ಕಲ್ಪನೆಯಿಂದ, ಕೆಂಗೂದಲಿನವರನ್ನು ಒದೆಯುವ ದಿನವೆಂದು ಫೇಸ್‌ಬುಕ್ ಗುಂಪೊಂದು ಹುಟ್ಟಿ, ಕೆನಡಾದ ಶಾಲೆಗಳಲ್ಲಿ ಕೆಂಪು ಕೂದಲಿನ ಮಕ್ಕಳು ನಿಜವಾಗಿಯೂ ಒದೆ ತಿಂದರು. ಗುಂಪಿನ ಹಿಂದಿದ್ದವನು ಹದಿನಾಲ್ಕು ವರ್ಷದ ಹುಡುಗ. ತನ್ನದೇ ವಯಸ್ಸು ಕೇಳಿ ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ನೂ ಕೊನೆ ತನಕ ನೋಡಿರ್ಲಿಕ್ಕಿಲ್ಲ” ಎಂದನಂತೆ. ಭಾವನ ಪ್ರಕಾರ ಅಷ್ಟಕ್ಕೇ ಮಾತು ನಿಂತಿತು, ಇಬ್ಬರೂ ತೋಟದ ಕಡೆ ಹೋದರು.

ಇಲ್ಲಿ ಒಂದು ಮಾತು ಸೇರಿಸಬೇಕು. ಕೊನೆಯವರೆಗೆ ನೋಡಿದರೆ ಎಲ್ಲ ಸರಿಹೋಗುತ್ತದೆ ಎಂಬುದಕ್ಕೆ ಈ ಸರಣಿ ಸಾಕ್ಷಿಯಲ್ಲ. ಕಾರ್ಟ್‌ಮನ್ ಎಷ್ಟೋ ಕಂತುಗಳಲ್ಲಿ ಯಾವ ಶಿಕ್ಷೆಯೂ ಇಲ್ಲದೆ ಪಾರಾಗುತ್ತಾನೆ, ಕೆಲವದರಲ್ಲಿ ಗೆಲ್ಲುತ್ತಾನೆ. ಅಲ್ಲಿ ವಿಡಂಬನೆಯನ್ನು ವಿಡಂಬನೆಯೆಂದು ಗುರುತಿಸುವ ಹೊರೆ ಪೂರ್ತಿಯಾಗಿ ನೋಡುಗನ ಮೇಲಿರುತ್ತದೆ. ಅಮೆರಿಕದ ರಾಜಕೀಯ, ಅಲ್ಲಿನ ಜನಾಂಗಗಳ ಇತಿಹಾಸ, ಅಲ್ಲಿನ ಚರ್ಚುಗಳ ಜಗಳ ಗೊತ್ತಿಲ್ಲದ ಮಲೆನಾಡಿನ ಹದಿನಾಲ್ಕರ ಹುಡುಗನಿಗೆ ಆ ಹೊರೆ ಇನ್ನೂ ಹೆಚ್ಚು. ಅವನ ಪಾಲಿಗೆ ಉಳಿಯುವುದು ಧ್ವನಿಯ ಠೀವಿ ಮತ್ತು ಬೈಗುಳ. ಹಾಗಾಗಿ ಈ ವಯಸ್ಸಿಗೆ ಈ ಸರಣಿ ಬೇಡ ಎಂಬ ನನ್ನ ನಿಲುವು ಬದಲಾಗಲಿಲ್ಲ, ಬೇಡ ಎನ್ನುವ ಕಾರಣ ಬದಲಾಯಿತು.

ಸಹಪಾಠಿಯ ಮಾತು

ರಜೆ ಮುಗಿದ ಮೇಲೆ ನಾನು ಸಹಪಾಠಿಯ ಜೊತೆ ಮೊದಲ ಬಾರಿಗೆ ಒಬ್ಬಳೇ ಕುಳಿತು ಮಾತಾಡಿದೆ. ಘಟನೆಯಾಗಿ ಎರಡು ತಿಂಗಳು ಕಳೆದಿತ್ತು. ಅವನು ಆರಾಮಾಗಿದ್ದಾನೆ ಎಂಬ ತರಗತಿ ಶಿಕ್ಷಕಿಯ ಮಾತನ್ನು ನಂಬಿ, ತಪ್ಪು ಮಾಡಿದವನ ಹಿಂದೆ ಓಡಾಡಿದ್ದೆನೇ ಹೊರತು ಇವನ ಹತ್ತಿರ ಬಂದಿರಲಿಲ್ಲ. ಅವನು ಹೇಳಿದ್ದನ್ನು ಆಗಸ್ಟಿನಲ್ಲಿಯೇ ಕೇಳಿದ್ದರೆ ಉಳಿದ ಬಹಳಷ್ಟು ಕೆಲಸ ಬೇಕಾಗುತ್ತಿರಲಿಲ್ಲ.

ಜಿಮ್ಮಿಯನ್ನು ಅವನೂ ನೋಡಿದ್ದ. ಹೆಸರು ಬಿದ್ದ ಮೇಲೆ ಅದು ಯಾರೆಂದು ತಿಳಿಯಲು ತಾನೇ ಹುಡುಕಿ, ತುಣುಕಲ್ಲದೆ ಮೂರು ಕಂತುಗಳನ್ನೂ ನೋಡಿದ್ದ. ಜಿಮ್ಮಿ ಅವನಿಗೆ ಇಷ್ಟವಾಗಿದ್ದ. ಉಗ್ಗುತ್ತಲೇ ಜೋಕು ಹೇಳುತ್ತಾನೆ, ಎಷ್ಟು ಹೊತ್ತಾದರೂ ಹೇಳಿ ಮುಗಿಸುತ್ತಾನೆ, ಎದುರು ಕೂತವರು ಕಾಯುತ್ತಾರೆ ಎಂದ. ಇಷ್ಟು ಹೇಳಲು ಅವನಿಗೆ ಸಾಕಷ್ಟು ಸಮಯ ಹಿಡಿಯಿತು, ನಾನೂ ಕಾದೆ. ಸ್ಟಿಕರಿನಿಂದ ಅವಮಾನವಾದದ್ದು ನಿಜ, ಆದರೆ ದಿನವೂ ನೋಯುತ್ತಿದ್ದದ್ದು ಅದಲ್ಲವಂತೆ. ಓದಲು ಎದ್ದು ನಿಂತಾಗ ಅಕ್ಷರ ಸಿಕ್ಕಿಕೊಂಡ ಕೂಡಲೇ ನಾಲ್ಕು ಜನ ಆ ಪದವನ್ನು ತಾವೇ ಹೇಳಿಬಿಡುತ್ತಿದ್ದರು. ಕೆಲವರು ಕುಚೋದ್ಯಕ್ಕೆ, ಕೆಲವರು ಸಹಾಯಕ್ಕೆ. ಸಹಾಯ ಮಾಡುವವರ ಸಾಲಿನಲ್ಲಿ ಶಿಕ್ಷಕಿಯೂ ಇದ್ದರು. ಕಳೆದ ವರ್ಷದಿಂದ ಶಾಲೆಯಲ್ಲಿ ಒಂದು ವಾಕ್ಯವನ್ನೂ ತಾನೇ ಮುಗಿಸಿದ ನೆನಪಿಲ್ಲ ಎಂದ.

ಕ್ಷಮೆ ಕೇಳಿಸುವ ಸಭೆ ಬೇಡವೆಂದು ಅವನೇ ಹೇಳಿದ. ಎಲ್ಲರ ಎದುರು ನಿಲ್ಲಿಸಿದರೆ ಮತ್ತೆ ತನ್ನನ್ನೇ ನೋಡುತ್ತಾರೆ ಎಂಬುದು ಅವನ ಕಾರಣ. ಕೇಳಿದ್ದು ಒಂದನ್ನೇ: ತಾನು ಓದುವಾಗ ಯಾರೂ ಪದ ಹೇಳಿಕೊಡಬಾರದು.

ಆಮೇಲೆ

ಹುಡುಗ ನವೆಂಬರಿನಲ್ಲಿ, ಯಾರೂ ಹೇಳದೆ, ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಸಹಪಾಠಿಯ ಚೀಲದಲ್ಲಿಟ್ಟ. ಉತ್ತರ ಬರಲಿಲ್ಲ. ಅವರಿಬ್ಬರೂ ಸ್ನೇಹಿತರಾಗಲಿಲ್ಲ, ಆಗಬೇಕೆಂದು ನಾನೂ ಒತ್ತಾಯಿಸಲಿಲ್ಲ. ಸ್ಟಿಕರನ್ನು ಗುಂಪಿನಿಂದ ಅಳಿಸಿದ್ದರೂ ಜನವರಿಯಲ್ಲಿ ಬೇರೆ ಶಾಲೆಯ ಹುಡುಗನೊಬ್ಬನ ಫೋನಿನಲ್ಲಿ ಅದು ಮತ್ತೆ ಕಂಡಿತು. ಮಾಡಿದವನ ಕೈಯಿಂದ ಅದು ಎಂದೋ ತಪ್ಪಿಹೋಗಿತ್ತು. ಆ ಸಲ ಅದನ್ನು ನನಗೆ ತಂದು ತೋರಿಸಿದವನು ನಮ್ಮ ಹುಡುಗನೇ.

ಮನೆಯಲ್ಲಿ ಫೋನು ಕಪಾಟಿನಿಂದ ಹೊರಬಂತು, ತಂದೆಯ ಖಾತೆ ತೆಗೆದು ಹುಡುಗನ ನಿಜವಾದ ಜನ್ಮದಿನಾಂಕದ ಖಾತೆ ಹಾಕಲಾಯಿತು, ಶಾರ್ಟ್ಸ್ ನೋಡುವುದಿದ್ದರೆ ಜಗಲಿಯಲ್ಲಿ ಎಂದಾಯಿತು. ಸರಣಿಯ ವಿಷಯವನ್ನು ಪಿಯುಸಿ ಸೇರಿದ ಮೇಲೆ ನೋಡೋಣ, ಆಗಲೂ ಇಡೀ ಕಂತು, ಚೂರು ಬೇಡ ಎಂದು ತಂದೆ ಹೇಳಿದರು. ಹುಡುಗ ಇದನ್ನು ಪೂರ್ತಿ ಪಾಲಿಸಿದನೆಂದು ನಂಬುವಷ್ಟು ಮುಗ್ಧೆ ನಾನಲ್ಲ. ಮರುವರ್ಷ ಅದೇ ಮೇಳದ ಆಟ ಊರಿಗೆ ಬಂದಾಗ ಹಾಸ್ಯಗಾರ ಉಗ್ಗಿದ ಕಡೆ ತಮಗೆ ನಗು ಬಂದರೂ ಮಗ ಪಕ್ಕದಲ್ಲಿದ್ದನೆಂದು ತಡೆದುಕೊಂಡದ್ದಾಗಿ ತಂದೆ ನನಗೆ ಹೇಳಿದರು. ಅವರ ಮುಖ ನೋಡಿದರೆ ಅದು ಅವರಿಗೆ ಅಷ್ಟೇನೂ ಖುಷಿಯ ಸಂಗತಿಯಾಗಿ ಕಾಣಲಿಲ್ಲ.

ಸಹಪಾಠಿ ಕೇಳಿದ ಒಂದು ನಿಯಮವನ್ನು ಕನ್ನಡ ಮತ್ತು ಇಂಗ್ಲಿಷ್ ತರಗತಿಗಳಲ್ಲಿ ಅವನ ಹೆಸರೆತ್ತದೆ, ಎಲ್ಲರಿಗೂ ಅನ್ವಯಿಸುವಂತೆ ಜಾರಿಗೆ ತಂದರು. ಮೊದಲ ವಾರ ಶಿಕ್ಷಕಿಯೇ ಎರಡು ಸಲ ತಪ್ಪಿದರು. ಫೆಬ್ರವರಿಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಂದು ತರಗತಿಯಲ್ಲಿ ಸಹಪಾಠಿ ಗದ್ಯವೊಂದರ ಒಂದೂವರೆ ಪುಟ ಓದಿದ. ಏಳು ನಿಮಿಷ ಹಿಡಿಯಿತು. ಮೂರನೆಯ ಸಾಲಿನಲ್ಲಿದ್ದ ಹುಡುಗನ ಬಾಯಿ ಒಂದೆರಡು ಕಡೆ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.